ಚಾರ್ಲ್ಸ್ ಲೈಟೋಲರ್
ಚಾರ್ಲ್ಸ್ ಹರ್ಬರ್ಟ್ ಲೈಟೋಲರ್ (30 ಮಾರ್ಚ್ 1874 – 8 ಡಿಸೆಂಬರ್ 1952) ಇಂಗ್ಲೆಂಡಿನ ಹಡಗು ಅಧಿಕಾರಿ, ಬ್ರಿಟಿಷ್ ರಾಯಲ್ ನೌಕಾಪಡೆಯ ಮೀಸಲು ದಳದ ಕಮಾಂಡರ್ ಮತ್ತು ಮೋಟಾರ್ ಯಾಟ್ ವಿಹಾರಿ. 1912ರಲ್ಲಿ ಮುಳುಗಿದ ಟೈಟಾನಿಕ್ ಹಡಗಿನಲ್ಲಿ ಇವರು ಎರಡನೆಯ ಅಧಿಕಾರಿಯಾಗಿದ್ದರು. ಆ ದುರಂತದಲ್ಲಿ ಬದುಕಿ ಉಳಿದ ಅಧಿಕಾರಿಗಳ ಪೈಕಿ ಇವರೇ ಅತ್ಯಂತ ಹಿರಿಯರು. ಮೊದಲನೆಯ ಮಹಾಯುದ್ಧದಲ್ಲಿ ಎರಡು ಬಾರಿ ಶೌರ್ಯಪದಕ ಪಡೆದರು. ನಿವೃತ್ತಿಯ ನಂತರ 'ಸನ್‌ಡೌನರ್' ಎಂಬ ಮೋಟಾರ್ ಯಾಟನ್ನು ಕೊಂಡು ಕುಟುಂಬದೊಡನೆ ಯುರೋಪಿನ ಉತ್ತರ ಕರಾವಳಿಯಲ್ಲಿ ವಿಹರಿಸಿದರು. 1940ರ ಜೂನ್ 1ರಂದು, ತಮ್ಮ 66ನೆಯ ವಯಸ್ಸಿನಲ್ಲಿ, ಅದೇ ವಿಹಾರನೌಕೆಯನ್ನು ಡನ್‌ಕರ್ಕ್‌ಗೆ ನಡೆಸಿಕೊಂಡು ಹೋಗಿ ಸುಮಾರು 130 ಜನರನ್ನು ಇಂಗ್ಲೆಂಡಿಗೆ ಕರೆತಂದರು. ಡನ್‌ಕರ್ಕ್ ಯಾನದಲ್ಲಿ ಪಾಲ್ಗೊಂಡ ಖಾಸಗಿ ದೋಣಿಗಳ ಒಡೆಯರು ಇಂದಿಗೂ ಐದು ವರ್ಷಗಳಿಗೊಮ್ಮೆ ಒಟ್ಟುಗೂಡಿ ಕಾಲುವೆ ದಾಟುವ ಪರಂಪರೆಯಲ್ಲಿ ಲೈಟೋಲರ್ ಮತ್ತು ಸನ್‌ಡೌನರ್ ಹೆಸರುಗಳಿಗೆ ವಿಶೇಷ ಸ್ಥಾನವಿದೆ.

ಬಾಲ್ಯ ಮತ್ತು ಹಾಯಿ ಹಡಗಿನ ದಿನಗಳು
ಲೈಟೋಲರ್ ಅವರು ಇಂಗ್ಲೆಂಡಿನ ಲ್ಯಾಂಕಾಶೈರ್ ಪ್ರಾಂತ್ಯದ ಚೋರ್ಲಿ ಎಂಬ ಊರಿನಲ್ಲಿ ಜನಿಸಿದರು. ಇವರ ಮನೆತನದವರು ಅಲ್ಲಿ ಹತ್ತಿಯ ಗಿರಣಿಗಳನ್ನು ನಡೆಸುತ್ತಿದ್ದರು. ಮಗು ಹುಟ್ಟಿದ ಕೆಲವೇ ದಿನಗಳಲ್ಲಿ ತಾಯಿ ಸಾರಾ ಜೇನ್ ತೀರಿಕೊಂಡರು. ತಂದೆ ಫ್ರೆಡರಿಕ್ ಮಗನನ್ನು ಬಂಧುಗಳ ಆಶ್ರಯದಲ್ಲಿ ಬಿಟ್ಟು ನ್ಯೂಜಿಲೆಂಡಿಗೆ ಹೊರಟುಹೋದರು. ಗಿರಣಿಯ ಕೆಲಸದಲ್ಲಿ ಮನಸ್ಸಿಲ್ಲದ ಬಾಲಕ 13ನೆಯ ವಯಸ್ಸಿನಲ್ಲಿ 'ಪ್ರಿಮ್‌ರೋಸ್ ಹಿಲ್' ಎಂಬ ಹಾಯಿ ಹಡಗಿನಲ್ಲಿ ನಾಲ್ಕು ವರ್ಷಗಳ ತರಬೇತಿಗೆ ಸೇರಿದನು.

ಎರಡನೆಯ ಯಾನವನ್ನು 'ಹೋಲ್ಟ್ ಹಿಲ್' ಹಡಗಿನಲ್ಲಿ ಕೈಗೊಂಡಾಗ ದಕ್ಷಿಣ ಅಟ್ಲಾಂಟಿಕ್ ಸಾಗರದ ಬಿರುಗಾಳಿಗೆ ಸಿಕ್ಕಿ ಹಡಗಿನ ಕೂವೆಮರಗಳು ಮುರಿದುಬಿದ್ದವು. ದುರಸ್ತಿಗಾಗಿ ರಿಯೋ ಡಿ ಜನೈರೋ ಬಂದರಿಗೆ ಹೋದಾಗ ಅಲ್ಲಿ ಸಿಡುಬಿನ ಹಾವಳಿಯಿತ್ತು. ಮುಂದೆ 1889ರ ನವೆಂಬರ್ 13ರಂದು ಅದೇ ಹಡಗು ಹಿಂದೂ ಮಹಾಸಾಗರದ ನಿರ್ಜನ ದ್ವೀಪವಾದ ಸೇಂಟ್ ಪಾಲ್ ಬಳಿ ನೆಲಕಚ್ಚಿತು. ದ್ವೀಪದಲ್ಲಿ ಸಿಲುಕಿದ ನಾವಿಕರನ್ನು 'ಕೂರಾಂಗ್' ಎಂಬ ಹಡಗು ರಕ್ಷಿಸಿ ಆಸ್ಟ್ರೇಲಿಯಾದ ಅಡಿಲೇಡ್ ನಗರಕ್ಕೆ ಸೇರಿಸಿತು. ತರುವಾಯ 'ಪ್ರಿಮ್‌ರೋಸ್ ಹಿಲ್' ಹಡಗಿಗೆ ಮರಳಿದ ಲೈಟೋಲರ್, ಅದು ಕಲ್ಕತ್ತಾ ಬಂದರಿಗೆ ಬಂದಾಗ ಅಲ್ಲಿಯೇ ಎರಡನೆಯ ಮೇಟ್ ದರ್ಜೆಯ ಪರೀಕ್ಷೆಯಲ್ಲಿ ತೇರ್ಗಡೆಯಾದರು. 'ನೈಟ್ ಆಫ್ ಸೇಂಟ್ ಮೈಕಲ್' ಹಡಗಿನಲ್ಲಿದ್ದಾಗ ಸರಕಾಗಿ ತುಂಬಿದ್ದ ಕಲ್ಲಿದ್ದಲಿಗೆ ಬೆಂಕಿ ಹತ್ತಿತು. ಅದನ್ನು ನಂದಿಸುವಲ್ಲಿ ಪಟ್ಟ ಶ್ರಮಕ್ಕಾಗಿ ಇವರಿಗೆ ಬಡ್ತಿ ದೊರೆಯಿತು.

1895ರಲ್ಲಿ ಹಾಯಿ ಹಡಗುಗಳನ್ನು ತೊರೆದು ಉಗಿಹಡಗುಗಳ ಸೇವೆಗೆ ಬಂದರು. ಪಶ್ಚಿಮ ಆಫ್ರಿಕಾದ ಕರಾವಳಿಯಲ್ಲಿ ಮಲೇರಿಯಾ ತಗುಲಿ ಸಾವಿನ ಅಂಚಿಗೆ ಹೋಗಿ ಬದುಕಿದರು. 1898ರಲ್ಲಿ ಕೆನಡಾದ ಯೂಕಾನ್ ಪ್ರದೇಶಕ್ಕೆ ಚಿನ್ನ ಹುಡುಕಲು ಹೋದರು. ಚಿನ್ನ ಸಿಗದಿದ್ದಾಗ ಆಲ್ಬರ್ಟಾದಲ್ಲಿ ದನಗಾಹಿಯಾಗಿ ದುಡಿದರು. ಸರಕು ರೈಲುಗಳಲ್ಲಿ ಅಡಗಿ ದೇಶವನ್ನು ದಾಟಿ, ದನಗಳನ್ನು ಸಾಗಿಸುವ ಹಡಗಿನಲ್ಲಿ ಕೆಲಸ ಮಾಡುತ್ತ 1899ರಲ್ಲಿ ಬರಿಗೈಯಲ್ಲಿ ಇಂಗ್ಲೆಂಡಿಗೆ ಮರಳಿದರು.

ವೈಟ್ ಸ್ಟಾರ್ ಸಂಸ್ಥೆಯಲ್ಲಿ
1900ರ ಜನವರಿಯಲ್ಲಿ ಲೈಟೋಲರ್ ವೈಟ್ ಸ್ಟಾರ್ ಹಡಗು ಸಂಸ್ಥೆಯನ್ನು ಸೇರಿದರು. ಅದೇ ವರ್ಷ 'ಮೆಡಿಕ್' ಹಡಗು ಸಿಡ್ನಿಯಲ್ಲಿ ತಂಗಿದ್ದಾಗ, ಬೋಯರ್ ಯುದ್ಧದ ಬಿಸಿಯ ನಡುವೆ, ಇವರು ಕೆಲವು ಗೆಳೆಯರೊಡನೆ ರಾತ್ರಿವೇಳೆ ಬಂದರಿನ ಡೆನಿಸನ್ ಕೋಟೆಗೆ ಹತ್ತಿ ಬೋಯರರ ಧ್ವಜವನ್ನು ಏರಿಸಿ ಫಿರಂಗಿಯನ್ನು ಹಾರಿಸಿದ ತುಂಟತನ ಹೆಸರಾಗಿದೆ. 1903ರಲ್ಲಿ 'ಸುಯೆವಿಕ್' ಹಡಗಿನ ಯಾನದಲ್ಲಿ ಸಿಡ್ನಿಗೆ ಮರಳುತ್ತಿದ್ದ ಸಿಲ್ವಿಯಾ ಹಾಲಿ-ವಿಲ್ಸನ್ ಅವರ ಪರಿಚಯವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಸಿಡ್ನಿಯಲ್ಲಿ ಇವರ ವಿವಾಹ ನೆರವೇರಿತು. ದಂಪತಿಗೆ ರೋಜರ್, ಟ್ರೆವರ್, ಬ್ರಯನ್ ಎಂಬ ಮೂವರು ಗಂಡುಮಕ್ಕಳೂ ಮೇವಿಸ್, ಡೊರೀನ್ ಎಂಬ ಇಬ್ಬರು ಹೆಣ್ಣುಮಕ್ಕಳೂ ಜನಿಸಿದರು. ಲೈಟೋಲರ್ ಅವರ ಮುಂದಿನ ವಿಹಾರಯಾನಗಳಲ್ಲಿ ಸಿಲ್ವಿಯಾ ಸಹಯಾತ್ರಿಯಾಗಿದ್ದರು.

ಟೈಟಾನಿಕ್ ದುರಂತ
1912ರಲ್ಲಿ ಟೈಟಾನಿಕ್ ಹಡಗಿನ ಪ್ರಾಯೋಗಿಕ ಸಂಚಾರದಲ್ಲಿ ಲೈಟೋಲರ್ ಮೊದಲನೆಯ ಅಧಿಕಾರಿಯಾಗಿದ್ದರು. ಕಪ್ತಾನ ಎಡ್ವರ್ಡ್ ಸ್ಮಿತ್ ಅವರು ಹೆನ್ರಿ ವೈಲ್ಡ್ ಎಂಬವರನ್ನು ಮುಖ್ಯ ಅಧಿಕಾರಿಯಾಗಿ ಕರೆಸಿಕೊಂಡುದರಿಂದ ಇವರು ಎರಡನೆಯ ಸ್ಥಾನಕ್ಕೆ ಇಳಿಯಬೇಕಾಯಿತು. ಏಪ್ರಿಲ್ 14ರ ರಾತ್ರಿ 10 ಗಂಟೆಗೆ ತಮ್ಮ ಪಾಳಿಯನ್ನು ವಿಲಿಯಂ ಮರ್ಡಾಕ್ ಅವರಿಗೆ ಒಪ್ಪಿಸಿ ಮಲಗಲು ಹೋದರು. 11 ಗಂಟೆ 40 ನಿಮಿಷಕ್ಕೆ ಹಡಗು ಹಿಮಗಡ್ಡೆಗೆ ಡಿಕ್ಕಿ ಹೊಡೆಯಿತು.

ಹಡಗಿನ ಎಡಬದಿಯ ಜೀವರಕ್ಷಕ ದೋಣಿಗಳಿಗೆ ಜನರನ್ನು ಹತ್ತಿಸುವ ಹೊಣೆ ಲೈಟೋಲರ್ ಅವರದಾಗಿತ್ತು. ಹೆಂಗಸರು ಮತ್ತು ಮಕ್ಕಳಿಗೆ ಆದ್ಯತೆ ನೀಡಬೇಕೆಂಬ ಆಜ್ಞೆಯನ್ನು ಅವರು ಹೆಂಗಸರು ಮತ್ತು ಮಕ್ಕಳಿಗೆ ಮಾತ್ರ ಎಂದು ಅರ್ಥೈಸಿದರು. ಬಲಬದಿಯಲ್ಲಿ ಮರ್ಡಾಕ್ ಅವರು ಜಾಗವಿದ್ದಾಗ ಗಂಡಸರಿಗೂ ಅವಕಾಶ ಕೊಟ್ಟರು. ಎಡಬದಿಯ ಕೆಲವು ದೋಣಿಗಳು ಖಾಲಿ ಜಾಗ ಇರುವಂತೆಯೇ ನೀರಿಗಿಳಿದವು. ಈ ಕಟ್ಟುನಿಟ್ಟು ಅನೇಕ ಪ್ರಾಣಗಳಿಗೆ ಎರವಾಯಿತೆಂಬ ಟೀಕೆಯನ್ನು ಇತಿಹಾಸಕಾರರು ಇಂದಿಗೂ ಮಾಡುತ್ತಾರೆ. 6ನೆಯ ದೋಣಿಯಲ್ಲಿ ನಾವಿಕರ ಕೊರತೆಯಾದಾಗ ಮಾತ್ರ ಅವರು ತಮ್ಮ ನಿಯಮವನ್ನು ಸಡಿಲಿಸಿ ಒಬ್ಬ ಪ್ರಯಾಣಿಕನಿಗೆ ಅನುಮತಿ ನೀಡಿದರು. ಆತ ಕೆನಡಾದ ಯಾಟ್ ವಿಹಾರಿ ಮೇಜರ್ ಆರ್ಥರ್ ಪ್ಯೂಚೆನ್. ದೋಣಿ ನಡೆಸುವ ಅನುಭವವಿದ್ದ ಪ್ಯೂಚೆನ್ ತೂಗಾಡುವ ಹಗ್ಗವನ್ನು ಹಿಡಿದು ಕೆಳಗಿಳಿದು ತಮ್ಮ ಸಾಮರ್ಥ್ಯವನ್ನು ತೋರಬೇಕಾಯಿತು.

ಹಡಗು ಮುಳುಗುವಾಗ ಲೈಟೋಲರ್ ನೀರಿಗೆ ಧುಮುಕಿದರು. ನೀರು ನುಗ್ಗುತ್ತಿದ್ದ ಗಾಳಿಕಿಂಡಿಯ ಜಾಲರಿಗೆ ಸೆಳೆಯಲ್ಪಟ್ಟು ಹಡಗಿನೊಡನೆ ಕೆಳಗೆ ಎಳೆಯಲ್ಪಟ್ಟರಾದರೂ, ಒಳಗಿನಿಂದ ಹೊಮ್ಮಿದ ಬಿಸಿಗಾಳಿಯ ರಭಸ ಅವರನ್ನು ಹೊರಗೆ ತಳ್ಳಿತು. ಮಗುಚಿ ತೇಲುತ್ತಿದ್ದ 'ಬಿ' ಎಂಬ ಮಡಿಸುವ ದೋಣಿಯ ಬೆನ್ನನ್ನು ಹಿಡಿದು ಮೇಲೇರಿದರು. ಅಲ್ಲಿ ಸುಮಾರು 30 ಜನರಿದ್ದರು. ದೋಣಿಯ ಅಡಿಯಲ್ಲಿ ಸಿಲುಕಿದ್ದ ಗಾಳಿ ಸೋರಿಹೋದರೆ ಎಲ್ಲರೂ ಮುಳುಗುವ ಅಪಾಯವಿತ್ತು. ಲೈಟೋಲರ್ ಎಲ್ಲರನ್ನೂ ಎರಡು ಸಾಲಾಗಿ ನಿಲ್ಲಿಸಿ, ಅಲೆಗಳು ಎದ್ದಂತೆ ಎಡಕ್ಕೂ ಬಲಕ್ಕೂ ವಾಲುವಂತೆ ಆಜ್ಞೆ ನೀಡುತ್ತ ಬೆಳಗಿನವರೆಗೆ ಸಮತೋಲ ಕಾಯ್ದರು. 'ಕಾರ್ಪೇಥಿಯಾ' ಹಡಗು ರಕ್ಷಣೆಗೆ ಬಂದಾಗ ಅದನ್ನು ಹತ್ತಿದವರಲ್ಲಿ ಇವರೇ ಕೊನೆಯವರು. ದುರಂತದಲ್ಲಿ ಸುಮಾರು 1,500 ಜನ ಸತ್ತರು.

ಅಮೆರಿಕದ ಸೆನೆಟ್ ಸಮಿತಿಯ ಮುಂದೆಯೂ ಬ್ರಿಟನ್ನಿನ ತನಿಖಾ ಆಯೋಗದ ಮುಂದೆಯೂ ಲೈಟೋಲರ್ ಮುಖ್ಯ ಸಾಕ್ಷಿಯಾಗಿದ್ದರು. ಅವರು ಸಂಸ್ಥೆಯನ್ನೂ ಕಪ್ತಾನನನ್ನೂ ಸಮರ್ಥಿಸಿಕೊಂಡು ಸಾಕ್ಷ್ಯ ನುಡಿದರು.

ಮೊದಲನೆಯ ಮಹಾಯುದ್ಧ
1914ರ ಸೆಪ್ಟೆಂಬರಿನಲ್ಲಿ ಇವರು ಸೇವೆಯಲ್ಲಿದ್ದ 'ಓಶಿಯಾನಿಕ್' ಹಡಗು ಶೆಟ್‌ಲೆಂಡ್ ದ್ವೀಪಗಳ ಬಳಿ ಬಂಡೆಗೆ ತಾಗಿ ನಷ್ಟವಾಯಿತು. 1915ರ ಕೊನೆಯಲ್ಲಿ ಟಾರ್ಪಿಡೋ ದೋಣಿಯೊಂದರ ಅಧಿಪತ್ಯ ದೊರೆಯಿತು. 1916ರ ಜುಲೈನಲ್ಲಿ ಜರ್ಮನಿಯ ಜೆಪೆಲಿನ್ ವಾಯುನೌಕೆಯೊಂದನ್ನು ಎದುರಿಸಿದ್ದಕ್ಕಾಗಿ ಶೌರ್ಯಪದಕ ಲಭಿಸಿತು. 1918ರ ಏಪ್ರಿಲ್ 1ರಂದು ಇವರ ಅಧೀನದಲ್ಲಿದ್ದ 'ಫಾಲ್ಕನ್' ಯುದ್ಧನೌಕೆ ಮೀನುಗಾರಿಕಾ ಹಡಗೊಂದಕ್ಕೆ ಡಿಕ್ಕಿಯಾಗಿ ಮುಳುಗಿತು. ಅದೇ ವರ್ಷದ ಜುಲೈ 19ರಂದು 'ಗ್ಯಾರಿ' ಯುದ್ಧನೌಕೆಯ ಅಧಿಪತಿಯಾಗಿ ಜರ್ಮನಿಯ 'ಯುಬಿ-110' ಜಲಾಂತರ್ಗಾಮಿಯನ್ನು ಗುದ್ದಿ ಮುಳುಗಿಸಿದರು. ಇದಕ್ಕಾಗಿ ಎರಡನೆಯ ಬಾರಿ ಅದೇ ಪದಕದ ಗೌರವ ದೊರೆಯಿತು. ನೀರಿನಲ್ಲಿ ಈಜುತ್ತಿದ್ದ ತನ್ನ ಸಿಬ್ಬಂದಿಯ ಮೇಲೆ ಬ್ರಿಟಿಷ್ ನಾವಿಕರು ದಾಳಿ ನಡೆಸಿದರೆಂದು ಜಲಾಂತರ್ಗಾಮಿಯ ಅಧಿಪತಿ ವೆರ್ನರ್ ಫ್ಯೂರ್‌ಬ್ರಿಂಗರ್ ತನ್ನ ನೆನಪುಗಳಲ್ಲಿ ಆರೋಪಿಸಿದ್ದು, ಈ ಘಟನೆ ಇಂದಿಗೂ ವಿವಾದಾಸ್ಪದವಾಗಿದೆ. ಯುದ್ಧಾನಂತರ ಇವರು ಕಮಾಂಡರ್ ದರ್ಜೆಯಲ್ಲಿ ನೌಕಾಪಡೆಯಿಂದ ನಿವೃತ್ತರಾದರು.

ವೈಟ್ ಸ್ಟಾರ್ ಸಂಸ್ಥೆಗೆ ಮರಳಿದಾಗ ಟೈಟಾನಿಕ್‌ನಲ್ಲಿ ಬದುಕುಳಿದ ಅಧಿಕಾರಿಗಳಿಗೆ ಅಲ್ಲಿ ಏಳಿಗೆಯಿಲ್ಲವೆಂಬುದು ಸ್ಪಷ್ಟವಾಯಿತು. ಅವರಲ್ಲಿ ಯಾರಿಗೂ ಆ ಸಂಸ್ಥೆಯ ಹಡಗಿನ ಕಪ್ತಾನಗಿರಿ ಸಿಗಲಿಲ್ಲ. ಲೈಟೋಲರ್ ರಾಜೀನಾಮೆ ನೀಡಿ ವಸತಿಗೃಹ ನಡೆಸುವುದು, ಕೋಳಿ ಸಾಕಣೆ, ಆಸ್ತಿ ವ್ಯವಹಾರ ಮುಂತಾದ ಕಸುಬುಗಳನ್ನು ಕೈಗೊಂಡರು.

ಸನ್‌ಡೌನರ್ ಮತ್ತು ವಿಹಾರದ ವರ್ಷಗಳು
ಸಮುದ್ರದ ನಂಟನ್ನು ಬಿಡಲಾರದ ಲೈಟೋಲರ್ 1929ರಲ್ಲಿ ನೌಕಾಪಡೆ ಕೈಬಿಟ್ಟಿದ್ದ ಹಳೆಯ ಉಗಿದೋಣಿಯೊಂದರ ಒಡಲನ್ನು ಕೊಂಡರು. ಟೈಟಾನಿಕ್ ಮುಳುಗಿದ ವರ್ಷವೇ, ಅಂದರೆ 1912ರಲ್ಲಿ, ಅದು ನಿರ್ಮಾಣವಾಗಿತ್ತು. 58 ಅಡಿ (ಸುಮಾರು 18 ಮೀಟರ್) ಉದ್ದದ ಆ ದೋಣಿಗೆ ಎಂಜಿನ್ ಕೂಡಿಸಿ, ಮಲಗುವ ಕೋಣೆಗಳನ್ನು ಕಟ್ಟಿಸಿ ಮೋಟಾರ್ ಯಾಟ್ ಆಗಿ ಮಾರ್ಪಡಿಸಲಾಯಿತು. ಊರೂರು ಅಲೆಯುತ್ತ ಸೂರ್ಯ ಮುಳುಗುವ ಹೊತ್ತಿಗೆ ಯಾರದೋ ಮನೆಬಾಗಿಲಿಗೆ ಬಂದು ಆಶ್ರಯ ಕೇಳುವ ಅಲೆಮಾರಿಯನ್ನು ಆಸ್ಟ್ರೇಲಿಯಾದ ಆಡುಮಾತಿನಲ್ಲಿ 'ಸನ್‌ಡೌನರ್' ಎನ್ನುತ್ತಾರೆ. ತಮ್ಮ ತವರಿನ ಈ ಮಾತನ್ನು ಸಿಲ್ವಿಯಾ ಅವರೇ ಯಾಟಿಗೆ ಹೆಸರಾಗಿ ಆರಿಸಿದರು.

ಎರಡು ಮಹಾಯುದ್ಧಗಳ ನಡುವಿನ ಅವಧಿಯಲ್ಲಿ ಇಂಗ್ಲೆಂಡಿನಲ್ಲಿ ಮೋಟಾರ್ ಯಾಟ್ ವಿಹಾರವು ಹೆಚ್ಚು ಜನರಿಗೆ ಎಟುಕುವಂತಾಯಿತು. ಅದಕ್ಕೆ ಮೊದಲು ಯಾಟ್ ಎಂಬುದು ಸಂಬಳದ ನಾವಿಕರನ್ನು ಇಟ್ಟುಕೊಳ್ಳಬಲ್ಲ ಸಿರಿವಂತರ ಸೊತ್ತಾಗಿತ್ತು. ಒಳದಹನ ಎಂಜಿನ್ನುಗಳು ಬಂದ ಮೇಲೆ ಒಡೆಯನೇ ತನ್ನ ಮನೆಯವರ ನೆರವಿನಿಂದ ದೋಣಿಯನ್ನು ನಡೆಸುವುದು ಸಾಧ್ಯವಾಯಿತು. ಥೇಮ್ಸ್ ನದಿಯ ದಡದಲ್ಲಿ ದೋಣಿಕಟ್ಟೆಗಳೂ ಕ್ಲಬ್ಬುಗಳೂ ಬೆಳೆದವು. 1905ರಲ್ಲಿ ಆರಂಭವಾದ ಮೋಟಾರ್ ಯಾಟ್ ಕ್ಲಬ್, 1908ರ ಕ್ರೂಸಿಂಗ್ ಅಸೋಸಿಯೇಷನ್, 1926ರಲ್ಲಿ ಲಂಡನ್ನಿನಲ್ಲಿ ಸ್ಥಾಪನೆಯಾದ ಲಿಟಲ್ ಶಿಪ್ ಕ್ಲಬ್ ಇವು ಈ ಸಂಸ್ಕೃತಿಯ ಮುಖ್ಯ ಕೇಂದ್ರಗಳು. ಚಳಿಗಾಲದಲ್ಲಿ ದೋಣಿಗಳು ದಡ ಸೇರಿದಾಗ ಒಡೆಯರು ಕ್ಲಬ್ಬಿನಲ್ಲಿ ಕಲೆತು ನೌಕಾಯಾನ ಶಾಸ್ತ್ರ, ಭೂಪಟ ಓದುವಿಕೆ, ಸಂಕೇತ ವಿಧಾನಗಳ ಪಾಠ ಕೇಳುತ್ತಿದ್ದರು.

ಬೇಸಿಗೆಯಲ್ಲಿ ಹಲವು ದೋಣಿಗಳು ಒಟ್ಟಾಗಿ ಹೊರಡುವ ಸಹವಿಹಾರಕ್ಕೆ ತನ್ನದೇ ಆದ ಕಟ್ಟಳೆಗಳಿವೆ. ಗುಂಪಿನ ವೇಗವನ್ನು ಅತ್ಯಂತ ನಿಧಾನವಾದ ದೋಣಿಯೇ ನಿರ್ಧರಿಸುತ್ತದೆ. ಉಬ್ಬರ ಇಳಿತದ ಲೆಕ್ಕ ಬಲ್ಲ ಅನುಭವಿಯ ದೋಣಿ ಮುಂದೆ ಸಾಗುತ್ತದೆ, ಉಳಿದವು ಕಣ್ಣಳತೆಯನ್ನು ಮೀರದಂತೆ ಹಿಂಬಾಲಿಸುತ್ತವೆ. ಒಂದರ ಎಂಜಿನ್ ಕೆಟ್ಟರೆ ಮತ್ತೊಂದು ಹಗ್ಗ ಕಟ್ಟಿ ಎಳೆಯುತ್ತದೆ. ಸಂಜೆ ಬಂದರಿನಲ್ಲಿ ಜಾಗ ಸಾಲದಿದ್ದರೆ ದೋಣಿಗಳನ್ನು ಪಕ್ಕಪಕ್ಕಕ್ಕೆ ಕಟ್ಟುತ್ತಾರೆ, ದಡಕ್ಕೆ ಹೋಗುವವರು ಒಬ್ಬರ ದೋಣಿಯ ಮೇಲಿಂದ ಇನ್ನೊಬ್ಬರ ದೋಣಿಗೆ ಕಾಲಿಟ್ಟು ದಾಟುತ್ತಾರೆ. ಹೀಗೆ ನೆರೆಹೊರೆಯಾದವರ ನಡುವೆ ಊಟ, ಹರಟೆ, ದುರಸ್ತಿಯ ಸಲಹೆಗಳು ವಿನಿಮಯವಾಗುತ್ತವೆ. ಅಪಾಯದಲ್ಲಿರುವ ದೋಣಿಯನ್ನು ಕಂಡವರು ನೆರವಿಗೆ ಹೋಗಲೇಬೇಕೆಂಬುದು ಈ ಸಮುದಾಯದ ಮೊದಲ ನಿಯಮ.

ಲೈಟೋಲರ್ ಕುಟುಂಬ 1930ರ ದಶಕದ ಉದ್ದಕ್ಕೂ ಸನ್‌ಡೌನರ್‌ನಲ್ಲಿ ಉತ್ತರ ಯುರೋಪಿನ ಬಂದರುಗಳಿಗೆ ಯಾನ ಮಾಡಿತು. 1935ರಲ್ಲಿ ಲೈಟೋಲರ್ ಅವರ ಆತ್ಮಕಥೆ 'ಟೈಟಾನಿಕ್ ಅಂಡ್ ಅದರ್ ಶಿಪ್ಸ್' ಪ್ರಕಟವಾಯಿತು. ಟೈಟಾನಿಕ್ ಹಡಗಿನ ನಿಸ್ತಂತು ಸಿಬ್ಬಂದಿಯ ಕುರಿತ ಒಂದು ಪ್ರಸ್ತಾಪಕ್ಕೆ ಮಾರ್ಕೋನಿ ಕಂಪನಿಯು ಮೊಕದ್ದಮೆಯ ಎಚ್ಚರಿಕೆ ನೀಡಿದುದರಿಂದ ಪುಸ್ತಕವನ್ನು ಮಾರುಕಟ್ಟೆಯಿಂದ ಹಿಂದೆಗೆದುಕೊಳ್ಳಲಾಯಿತು.

1939ರ ಜುಲೈನಲ್ಲಿ ಬ್ರಿಟಿಷ್ ನೌಕಾಪಡೆ ಇವರಿಗೆ ಒಂದು ಗುಟ್ಟಿನ ಕೆಲಸವನ್ನು ಒಪ್ಪಿಸಿತು. ರಜೆಯ ವಿಹಾರಕ್ಕೆ ಬಂದ ವೃದ್ಧ ದಂಪತಿಯ ಸೋಗಿನಲ್ಲಿ ಚಾರ್ಲ್ಸ್ ಮತ್ತು ಸಿಲ್ವಿಯಾ ಸನ್‌ಡೌನರ್‌ನಲ್ಲಿ ಸಾಗಿ ಜರ್ಮನಿಯ ಕರಾವಳಿಯನ್ನು ಸಮೀಕ್ಷೆ ಮಾಡಿದರು.

ಡನ್‌ಕರ್ಕ್
1940ರ ಮೇ ತಿಂಗಳಲ್ಲಿ ಜರ್ಮನಿಯ ಸೇನೆ ಬ್ರಿಟಿಷ್ ಮತ್ತು ಫ್ರೆಂಚ್ ಪಡೆಗಳನ್ನು ಫ್ರಾನ್ಸಿನ ಡನ್‌ಕರ್ಕ್ ಬಂದರಿನ ಸುತ್ತ ಒತ್ತಿ ನಿಲ್ಲಿಸಿತ್ತು. ಮೇ 14ರಂದು ಬಿಬಿಸಿ ಬಾನುಲಿಯ ಮೂಲಕ ನೌಕಾ ಇಲಾಖೆಯ ಆದೇಶವೊಂದು ಪ್ರಸಾರವಾಗಿತ್ತು. 30ರಿಂದ 100 ಅಡಿ ಉದ್ದದ, ಸ್ವಂತ ಎಂಜಿನ್ ಉಳ್ಳ ವಿಹಾರದೋಣಿಗಳ ಒಡೆಯರು 14 ದಿನಗಳೊಳಗೆ ತಮ್ಮ ದೋಣಿಯ ವಿವರ ಸಲ್ಲಿಸಬೇಕೆಂಬುದು ಅದರ ಸಾರ. ಡನ್‌ಕರ್ಕ್‌ನ ಕಡಲತಡಿ ಬಹಳ ಆಳವಿಲ್ಲದುದಾದ್ದರಿಂದ ದೊಡ್ಡ ಯುದ್ಧನೌಕೆಗಳು ದಡದ ಬಳಿ ಸುಳಿಯುವಂತಿರಲಿಲ್ಲ. ಸೈನಿಕರನ್ನು ತೀರದಿಂದ ಹಡಗುಗಳಿಗೆ ಸಾಗಿಸಲು ಸಣ್ಣ ದೋಣಿಗಳೇ ಬೇಕಾಗಿದ್ದವು. ಥೇಮ್ಸ್ ನದಿಯ ದೋಣಿಕಟ್ಟೆಗಳಿಂದ ಮೋಟಾರ್ ಯಾಟುಗಳು, ಪ್ರವಾಸಿ ದೋಣಿಗಳು, ಮೀನುಗಾರಿಕಾ ದೋಣಿಗಳು ಸಾಲುಗಟ್ಟಿ ಕೆಳಗಿಳಿದವು. ಇವುಗಳಲ್ಲಿ ಬಹುಪಾಲನ್ನು ನೌಕಾಪಡೆಯ ಸಿಬ್ಬಂದಿ ವಶಕ್ಕೆ ತೆಗೆದುಕೊಂಡು ನಡೆಸಿದರು. ಕೆಲವು ಒಡೆಯರು ಮಾತ್ರ ತಾವೇ ಚುಕ್ಕಾಣಿ ಹಿಡಿದರು.

ಮೇ 31ರಂದು ಸನ್‌ಡೌನರ್‌ಗೆ ಕರೆ ಬಂತು. ಆಗ ಅದು ಲಂಡನ್ನಿನ ಚಿಸಿಕ್‌ನಲ್ಲಿ ತಂಗಿತ್ತು. ದೋಣಿಯನ್ನು ರ‍್ಯಾಮ್ಸ್‌ಗೇಟ್ ಬಂದರಿಗೆ ತಂದು ನೌಕಾಪಡೆಗೆ ಒಪ್ಪಿಸಬೇಕೆಂಬ ಸೂಚನೆಗೆ ಲೈಟೋಲರ್ ಒಪ್ಪಲಿಲ್ಲ. ತಮ್ಮ ದೋಣಿಯನ್ನು ತಾವೇ ನಡೆಸುವುದಾಗಿ ಪಟ್ಟು ಹಿಡಿದು ಅನುಮತಿ ಪಡೆದರು. ಹಿರಿಯ ಮಗ ರೋಜರ್ ಮತ್ತು 18 ವರ್ಷದ ಸೀ ಸ್ಕೌಟ್ ಜೆರಾಲ್ಡ್ ಆಶ್‌ಕ್ರಾಫ್ಟ್ ಅವರೊಡನೆ ಜೂನ್ 1ರ ಬೆಳಿಗ್ಗೆ 10 ಗಂಟೆಗೆ ರ‍್ಯಾಮ್ಸ್‌ಗೇಟ್‌ನಿಂದ ಹೊರಟರು.

ದಾರಿಯಲ್ಲಿ 'ವೆಸ್ಟರ್ಲಿ' ಎಂಬ ಮೋಟಾರ್ ದೋಣಿ ಎಂಜಿನ್ ಕೆಟ್ಟು ಬೆಂಕಿಗೆ ಸಿಕ್ಕಿತ್ತು. ಅದರಲ್ಲಿದ್ದ ಐವರನ್ನು ಸನ್‌ಡೌನರ್ ಹತ್ತಿಸಿಕೊಂಡಿತು. ಡನ್‌ಕರ್ಕ್ ತಲುಪಿದ ಮೇಲೆ ತೀರಕ್ಕೆ ಹೋಗುವ ಬದಲು ಬಂದರಿನಲ್ಲಿದ್ದ 'ವೂಸ್ಟರ್' ಯುದ್ಧನೌಕೆಯ ಪಕ್ಕಕ್ಕೆ ನಿಂತು ಸೈನಿಕರನ್ನು ಹತ್ತಿಸಿಕೊಳ್ಳತೊಡಗಿದರು. ಹಿಂದೆಂದೂ 21ಕ್ಕಿಂತ ಹೆಚ್ಚು ಜನರನ್ನು ಹೊರದಿದ್ದ ದೋಣಿಯ ಕೋಣೆಗಳಲ್ಲಿ, ಅಡುಗೆಮನೆಯಲ್ಲಿ, ಸ್ನಾನಗೃಹದಲ್ಲಿ ಸೈನಿಕರನ್ನು ಮಲಗಿಸಿ, ಕೂರಿಸಿ ತುಂಬಲಾಯಿತು. ಬಳಿಕ ಮೇಲುಹಲಗೆಯ ಮೇಲೂ ಜನರನ್ನು ಮಲಗಿಸಲಾಯಿತು. ದೋಣಿ ಹೊರಳುವ ಬಗೆಯನ್ನು ಗಮನಿಸಿ ಇನ್ನು ಸಾಧ್ಯವಿಲ್ಲವೆಂದು ಲೈಟೋಲರ್ ನಿರ್ಧರಿಸಿದಾಗ ಅದರಲ್ಲಿ ಸುಮಾರು 130 ಜನರಿದ್ದರು.

ಮರಳುವ ದಾರಿಯಲ್ಲಿ ಜರ್ಮನಿಯ ವಿಮಾನಗಳು ಮತ್ತೆ ಮತ್ತೆ ಎರಗಿದವು. ಕಿರಿಯ ಮಗ ಬ್ರಯನ್ ವಾಯುಪಡೆಯ ಬಾಂಬರ್ ವಿಮಾನದ ಚಾಲಕನಾಗಿದ್ದು, ಯುದ್ಧ ಆರಂಭವಾದ ಮೊದಲ ದಿನಗಳಲ್ಲಿಯೇ ವಿಲ್ಹೆಲ್ಮ್ಸ್‌ಹಾವೆನ್ ಮೇಲಿನ ದಾಳಿಯಲ್ಲಿ ಮಡಿದಿದ್ದನು. ಕೆಳಹಾರಿ ದಾಳಿ ಮಾಡುವ ವಿಮಾನ ಗುಂಡು ಹಾರಿಸುವ ಮುನ್ನ ಯಾವ ಕ್ಷಣದಲ್ಲಿ ತನ್ನ ಮೂತಿಯನ್ನು ಎತ್ತಬೇಕಾಗುತ್ತದೆ ಎಂಬುದನ್ನು ಆತ ತಂದೆಗೆ ಹಿಂದೆ ವಿವರಿಸಿದ್ದನು. ಲೈಟೋಲರ್ ಆ ಕ್ಷಣಕ್ಕಾಗಿ ಕಾದು ಚುಕ್ಕಾಣಿಯನ್ನು ಪೂರ್ತಿ ತಿರುಗಿಸಿ ದೋಣಿಯನ್ನು ಗುರಿಯಿಂದ ತಪ್ಪಿಸುತ್ತಿದ್ದರು. ಮೃತ ಮಗನ ಪಾಠ ಅಂದು ದೋಣಿಯಲ್ಲಿದ್ದ ಎಲ್ಲರನ್ನೂ ಕಾಪಾಡಿತು. ರಾತ್ರಿ ರ‍್ಯಾಮ್ಸ್‌ಗೇಟ್ ತಲುಪಿ ಸೈನಿಕರು ಒಮ್ಮೆಗೇ ಎದ್ದು ಒಂದು ಬದಿಗೆ ಸರಿದಾಗ ದೋಣಿ ಮಗುಚುವಂತಾಯಿತು. ಲೈಟೋಲರ್ ಎಲ್ಲರನ್ನೂ ಮತ್ತೆ ಮಲಗಿಸಿ ಅದನ್ನು ಉಳಿಸಿಕೊಂಡರು. ಸೇನೆಯಲ್ಲಿದ್ದ ಇನ್ನೊಬ್ಬ ಮಗ ಟ್ರೆವರ್ ಎರಡು ದಿನ ಮೊದಲೇ ಡನ್‌ಕರ್ಕ್‌ನಿಂದ ಪಾರಾಗಿ ಬಂದಿದ್ದನು.

ಮೇ 26ರಿಂದ ಜೂನ್ 4ರವರೆಗೆ ನಡೆದ ಈ ಕಾರ್ಯಾಚರಣೆಯಲ್ಲಿ ಒಟ್ಟು 3,38,226 ಸೈನಿಕರನ್ನು ತೆರವುಗೊಳಿಸಲಾಯಿತು. ಅವರಲ್ಲಿ ಹೆಚ್ಚಿನವರು ಯುದ್ಧನೌಕೆಗಳು ಮತ್ತು ದೊಡ್ಡ ಹಡಗುಗಳಲ್ಲಿ ಇಂಗ್ಲೆಂಡ್ ಸೇರಿದರು. ಆದರೆ ತೀರದಿಂದ ಆ ಹಡಗುಗಳವರೆಗಿನ ನಡುವಣ ನೀರನ್ನು ಅನೇಕರು ದಾಟಿದ್ದು ಸಣ್ಣ ದೋಣಿಗಳಲ್ಲಿ.

ಕೊನೆಯ ವರ್ಷಗಳು
ಯುದ್ಧ ಮುಗಿಯುವವರೆಗೂ ಲೈಟೋಲರ್ ನೌಕಾಪಡೆಗಾಗಿ ಸಣ್ಣ ದೋಣಿಗಳನ್ನು ಸಾಗಿಸುವ ದಳದಲ್ಲಿ ದುಡಿದರು. ಡನ್‌ಕರ್ಕ್‌ನಲ್ಲಿ ಜೊತೆಗಿದ್ದ ರೋಜರ್ ಮುಂದೆ ನೌಕಾಪಡೆ ಸೇರಿ, 1945ರ ಮಾರ್ಚ್‌ನಲ್ಲಿ ಫ್ರಾನ್ಸಿನ ಗ್ರ್ಯಾನ್‌ವಿಲ್ ಬಂದರಿನ ಮೇಲೆ ಜರ್ಮನರು ನಡೆಸಿದ ದಾಳಿಯಲ್ಲಿ ಮಡಿದರು. ಹೀಗೆ ಯುದ್ಧ ಇವರ ಇಬ್ಬರು ಗಂಡುಮಕ್ಕಳನ್ನು ಬಲಿ ತೆಗೆದುಕೊಂಡಿತು.

ಯುದ್ಧಾನಂತರ ಲಂಡನ್ನಿನ ಟ್ವಿಕನ್‌ಹ್ಯಾಮ್‌ನಲ್ಲಿ ಥೇಮ್ಸ್ ತೀರದ 'ರಿಚ್‌ಮಂಡ್ ಸ್ಲಿಪ್‌ವೇಸ್' ಎಂಬ ದೋಣಿಕಟ್ಟೆಯನ್ನು ನಡೆಸಿದರು. ನದಿ ಪೊಲೀಸರಿಗೆ ಮೋಟಾರ್ ದೋಣಿಗಳನ್ನು ಇಲ್ಲಿ ನಿರ್ಮಿಸಲಾಗುತ್ತಿತ್ತು. ಹೃದ್ರೋಗದಿಂದ ಬಳಲುತ್ತಿದ್ದ ಲೈಟೋಲರ್, ಲಂಡನ್ ನಗರವನ್ನು ದಟ್ಟ ಹೊಗೆಮಂಜು ಕವಿದಿದ್ದ 1952ರ ಡಿಸೆಂಬರ್ 8ರಂದು ತಮ್ಮ 78ನೆಯ ವಯಸ್ಸಿನಲ್ಲಿ ನಿಧನರಾದರು. ಅವರ ಚಿತಾಭಸ್ಮವನ್ನು ಮಾರ್ಟ್‌ಲೇಕ್ ಚಿತಾಗಾರದ ಸ್ಮರಣೋದ್ಯಾನದಲ್ಲಿ ಚೆಲ್ಲಲಾಯಿತು.

ಪುಟ್ಟ ಹಡಗುಗಳ ಸಂಘ
ಡನ್‌ಕರ್ಕ್ ಘಟನೆಯ 25ನೆಯ ವರ್ಷವಾದ 1965ರಲ್ಲಿ ಬಿಬಿಸಿಯ ಪ್ರಸಿದ್ಧ ವೀಕ್ಷಕ ವಿವರಣೆಕಾರ ರೇಮಂಡ್ ಬ್ಯಾಕ್ಸ್‌ಟರ್ ಅವರು ಆ ಯಾನದಲ್ಲಿ ಪಾಲ್ಗೊಂಡಿದ್ದ ದೋಣಿಗಳ ಅಂದಿನ ಒಡೆಯರನ್ನು ಒಟ್ಟುಗೂಡಿಸಿದರು. ಅವರ ಮೋಟಾರ್ ದೋಣಿ 'ಲೋರಾಜ್' ಕೂಡ 1940ರಲ್ಲಿ ಕಾಲುವೆ ದಾಟಿದ್ದುದೇ. ಆ ವರ್ಷ 40ಕ್ಕೂ ಹೆಚ್ಚು ದೋಣಿಗಳು ಒಟ್ಟಾಗಿ ಡನ್‌ಕರ್ಕ್‌ಗೆ ಹೋಗಿಬಂದವು. ಈ ಸ್ನೇಹಕೂಟವನ್ನು ಕಾಯಂ ಆಗಿಸಲು 1966ರಲ್ಲಿ 'ಡನ್‌ಕರ್ಕ್ ಪುಟ್ಟ ಹಡಗುಗಳ ಸಂಘ' ಸ್ಥಾಪನೆಯಾಯಿತು.

ಈ ಸಂಘದಲ್ಲಿ ಅರ್ಹತೆಯನ್ನು ತರುವುದು ದೋಣಿಯೇ ಹೊರತು ಒಡೆಯನ ಅಂತಸ್ತಲ್ಲ. 1940ರ ಯಾನದಲ್ಲಿ ಪಾಲ್ಗೊಂಡುದಕ್ಕೆ ಆಧಾರವಿರುವ ದೋಣಿಯನ್ನು ಹೊಂದಿರುವವರು ಸದಸ್ಯರಾಗಬಹುದು. ಸಂಘದ ದೋಣಿಗಳಿಗೆ ಡನ್‌ಕರ್ಕ್ ನಗರದ ಲಾಂಛನವುಳ್ಳ ಸೇಂಟ್ ಜಾರ್ಜ್ ಶಿಲುಬೆಯ ಪತಾಕೆಯನ್ನು ಹಾರಿಸುವ ಹಕ್ಕಿದೆ. ಹಳೆಯ ಮರದ ದೋಣಿಗಳನ್ನು ಉಳಿಸಿಕೊಳ್ಳಲು ಬೇಕಾದ ಖರ್ಚು ಮತ್ತು ಕುಶಲತೆ ದೊಡ್ಡದಾದ್ದರಿಂದ, ಸದಸ್ಯರ ಕೂಟಗಳು ಮನರಂಜನೆಯಷ್ಟೇ ದುರಸ್ತಿಯ ಜ್ಞಾನವನ್ನು ಹಂಚಿಕೊಳ್ಳುವ ವೇದಿಕೆಗಳೂ ಆಗಿವೆ. ಥೇಮ್ಸ್ ನದಿಯಲ್ಲಿ ನಡೆಯುವ ವಿಹಾರಗಳಲ್ಲಿ ಮಾಜಿ ಯೋಧರನ್ನು ದೋಣಿಗಳಲ್ಲಿ ಕರೆದೊಯ್ಯುವುದು ವಾಡಿಕೆ.

ಐದು ವರ್ಷಗಳಿಗೊಮ್ಮೆ ದೋಣಿಗಳು ರ‍್ಯಾಮ್ಸ್‌ಗೇಟ್‌ನಲ್ಲಿ ಸೇರಿ ಒಟ್ಟಾಗಿ ಡನ್‌ಕರ್ಕ್‌ಗೆ ಸಾಗುತ್ತವೆ. ಇಂಗ್ಲಿಷ್ ಕಾಲುವೆ ಜಗತ್ತಿನ ಅತ್ಯಂತ ದಟ್ಟಣೆಯ ಹಡಗುಮಾರ್ಗಗಳಲ್ಲಿ ಒಂದಾಗಿರುವುದರಿಂದಲೂ, ನದಿಗಾಗಿ ಕಟ್ಟಿದ ಹಲವು ದೋಣಿಗಳು ತೆರೆದ ಸಮುದ್ರಕ್ಕೆ ಹೇಳಿಸಿದವಲ್ಲವಾದ್ದರಿಂದಲೂ ಗುಂಪಾಗಿ, ಬೆಂಗಾವಲಿನೊಡನೆ, ಹವೆ ಅನುಕೂಲವಾದಾಗ ಮಾತ್ರ ದಾಟುತ್ತವೆ. 2020ರ ಯಾನ ಕೋವಿಡ್ ಸಾಂಕ್ರಾಮಿಕದಿಂದಾಗಿ ನಡೆಯಲಿಲ್ಲ. 85ನೆಯ ವರ್ಷದ ಯಾನ 2025ರ ಮೇ ತಿಂಗಳಲ್ಲಿ ನಡೆಯಿತು.

ಸ್ಮರಣೆ
ಸನ್‌ಡೌನರ್ ಇಂದಿಗೂ ಉಳಿದಿದ್ದು, ರ‍್ಯಾಮ್ಸ್‌ಗೇಟ್ ಬಂದರಿನಲ್ಲಿ ಐತಿಹಾಸಿಕ ನೌಕೆಯಾಗಿ ಸಂರಕ್ಷಿಸಲ್ಪಟ್ಟಿದೆ. 1958ರ 'ಎ ನೈಟ್ ಟು ರಿಮೆಂಬರ್' ಚಲನಚಿತ್ರದಲ್ಲಿ ಕೆನೆತ್ ಮೋರ್ ಅವರು ಲೈಟೋಲರ್ ಪಾತ್ರವನ್ನು ನಿರ್ವಹಿಸಿದ್ದಾರೆ. ಜೇಮ್ಸ್ ಕ್ಯಾಮರಾನ್ ಅವರ 1997ರ 'ಟೈಟಾನಿಕ್' ಚಿತ್ರದಲ್ಲಿ ಜೊನಾಥನ್ ಫಿಲಿಪ್ಸ್ ಈ ಪಾತ್ರ ವಹಿಸಿದರು. ಕ್ರಿಸ್ಟೋಫರ್ ನೋಲನ್ ಅವರ 2017ರ 'ಡನ್‌ಕರ್ಕ್' ಚಿತ್ರದಲ್ಲಿ ಮಾರ್ಕ್ ರೈಲೆನ್ಸ್ ನಟಿಸಿದ ಡಾಸನ್ ಎಂಬ ದೋಣಿ ಒಡೆಯನ ಪಾತ್ರ ಲೈಟೋಲರ್ ಅವರ ಅನುಭವವನ್ನು ಬಹುಮಟ್ಟಿಗೆ ಹೋಲುತ್ತದೆ. ಆ ಪಾತ್ರವೂ ವಾಯುಪಡೆಯಲ್ಲಿ ಮಡಿದ ಮಗನಿಂದ ಕಲಿತ ತಿಳಿವಳಿಕೆಯ ಬಲದಿಂದ ವಿಮಾನದಾಳಿಯನ್ನು ತಪ್ಪಿಸಿಕೊಳ್ಳುತ್ತದೆ.